ಅಂಜಿಕೆಗೊಂದು ಗಡುವು

ಚಿಂತೆಗೂ ಚಿತೆಗೂ ಒಂದು ಸೊನ್ನೆಯಷ್ಟೇ ಅಂತರ ಎಂದು ಹಿರಿಯರು ಹೇಳುವುದುಂಟು. ಚಿತೆ ಸತ್ತವರನ್ನು ಒಮ್ಮೆ ಸುಡುತ್ತದೆ. ಚಿಂತೆ ಬದುಕಿರುವವರನ್ನು ದಿನದಿನವೂ ಸುಡುತ್ತದೆ. ನಾಲ್ವರೆದುರು ಹೇಳಿಕೊಳ್ಳಬಹುದಾದ ಚಿಂತೆಯಾದರೆ ಹೇಳಿದ ಮಾತ್ರದಿಂದಲೇ ಅರ್ಧ ಹಗುರವಾದೀತು. ತಾಯಿಯೆದುರು ಬಾಯಿಬಿಡಲಾಗದ, ಗೆಳೆಯನಿಗೂ ತಿಳಿಸಲಾಗದ ಚಿಂತೆಯ ಗತಿ ಏನು?

ಬೆಂಗಳೂರಿನ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತಿರುವ 27 ವರ್ಷದ ತರುಣನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಕೆಲಸದ ನಿಮಿತ್ತ ಪರಸ್ಥಳಕ್ಕೆ ಹೋದವನು ಅಲ್ಲಿ ಒಂದು ರಾತ್ರಿ ಅಪರಿಚಿತ ಸ್ತ್ರೀಯೊಬ್ಬಳ ಸಂಗ ಮಾಡಿದ. ಕಾಂಡೋಮಿನ ವಿಚಾರ ಆ ಹೊತ್ತಿನಲ್ಲಿ ನೆನಪಿಗೇ ಬರಲಿಲ್ಲ. ಬೆಳಗಾದಾಗ ನೆನಪಿಗೆ ಬಂದದ್ದು ಅದೊಂದೇ. ಊರಿಗೆ ಹಿಂದಿರುಗಿದರೆ ಮನೆಯಲ್ಲಿ ಅವನ ಮದುವೆಯ ಮಾತುಕತೆ ನಡೆದಿದೆ, ಹೆಣ್ಣು ಒಪ್ಪಿಗೆಯಾಗಿದೆ, ತಾಂಬೂಲ ಬದಲಾಯಿಸಲು ದಿನ ನೋಡುತ್ತಿದ್ದಾರೆ.

ಮೊದಲ ಮೂರು ದಿನ ಅವನು ಯಾರಿಗೂ ಏನೂ ಹೇಳಲಿಲ್ಲ. ಒಂಬತ್ತನೆಯ ದಿನ ಗಂಟಲು ಕೆರೆಯಿತು, ಮೈ ಬೆಚ್ಚಗಾಯಿತು. ಅಂದಿನ ರಾತ್ರಿ ಎರಡು ಗಂಟೆಯವರೆಗೆ ಮೊಬೈಲ್ ಫೋನಿನಲ್ಲಿ ರೋಗಲಕ್ಷಣಗಳನ್ನು ಓದಿದ. ಓದಿದ ಲಕ್ಷಣಗಳೆಲ್ಲ ತನ್ನಲ್ಲಿಯೇ ಇರುವಂತೆ ತೋರಿತು. ಮರುದಿನದಿಂದ ನೀರು ಕುಡಿಯಲು ಬೇರೆಯೇ ಲೋಟ ಇಟ್ಟುಕೊಂಡ. ಅಕ್ಕನ ಎರಡು ವರ್ಷದ ಮಗು ತೋಳು ಚಾಚಿ ಬಂದರೆ, ಏನೋ ನೆಪ ಹೇಳಿ ಹಿಂದೆ ಸರಿದ.

“ಯಾಕೋ ಮಗು, ನಾಲ್ಕು ದಿನದಿಂದ ಊಟವೇ ಸೇರುತ್ತಿಲ್ಲವಲ್ಲ?” ಎಂದು ತಾಯಿ ಕೇಳಿದರು.

“ಏನಿಲ್ಲಮ್ಮ, ಆಫೀಸಿನಲ್ಲಿ ಕೆಲಸ ಹೆಚ್ಚು” ಎಂದ.

ಈ ತರುಣ ಒಬ್ಬನೇ ಅಲ್ಲ. ಇದೇ ಅಂಜಿಕೆಯನ್ನು ಎದೆಯಲ್ಲಿಟ್ಟುಕೊಂಡು ಕಚೇರಿಗೆ ಹೋಗಿಬರುವವರು, ಪರೀಕ್ಷೆಗೆ ಓದುವವರು, ಅಡಿಗೆಮನೆಯಲ್ಲಿ ಒಲೆಯ ಮುಂದೆ ನಿಂತಿರುವವರು ಅನೇಕರಿದ್ದಾರೆ. ಅವರಿಗೆ ಮೊಟ್ಟಮೊದಲು ತಿಳಿಯಬೇಕಾದ ಸಂಗತಿಯೆಂದರೆ, ಈ ಅಂಜಿಕೆಗೆ ಒಂದು ಗಡುವು ಉಂಟು ಎಂಬುದು.

ಹಳೆಯ ಭಯ, ಹೊಸ ವೈದ್ಯ

ಎಚ್.ಐ.ವಿ. ಎಂಬ ಮೂರಕ್ಷರಗಳು ಇಷ್ಟೊಂದು ನಡುಕ ಹುಟ್ಟಿಸುವುದಕ್ಕೆ ಕಾರಣ ಅದರ ಆರಂಭದ ಚರಿತ್ರೆಯಲ್ಲಿದೆ. ಅಮೆರಿಕದ ವೈದ್ಯರು 1981ರಲ್ಲಿ ಮೊದಲ ಬಾರಿಗೆ ಏಡ್ಸ್ ರೋಗಿಗಳ ವರದಿ ಪ್ರಕಟಿಸಿದಾಗ ಅದು ಕಾರಣವೇ ತಿಳಿಯದ ವ್ಯಾಧಿಯಾಗಿತ್ತು. 1983ರಲ್ಲಿ ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯ ವಿಜ್ಞಾನಿಗಳು ವೈರಸ್ಸನ್ನು ಕಂಡುಹಿಡಿದರು. 1985ರಲ್ಲಿ ರಕ್ತಪರೀಕ್ಷೆ ಬಳಕೆಗೆ ಬಂದಿತು. ಮರುವರ್ಷವೇ, ಅಂದರೆ 1986ರಲ್ಲಿ, ಮದರಾಸಿನಲ್ಲಿ ಡಾ. ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ಅಭ್ಯಾಸ ಮಾಡುತ್ತಿದ್ದ ನಿರ್ಮಲಾ ಎಂಬ ತರುಣ ವೈದ್ಯೆ ರಕ್ತದ ಮಾದರಿಗಳನ್ನು ಸಂಗ್ರಹಿಸಿ, ಮಂಜಿನ ಪೆಟ್ಟಿಗೆಯಲ್ಲಿಟ್ಟು, ರೈಲಿನಲ್ಲಿ ವೆಲ್ಲೂರಿಗೆ ಕೊಂಡೊಯ್ದರು. ಭಾರತದಲ್ಲಿ ಎಚ್.ಐ.ವಿ. ಇದೆಯೆಂಬುದು ಮೊದಲು ತಿಳಿದದ್ದು ಆ ಪರೀಕ್ಷೆಯಿಂದ.

ಅಂದು ಸೋಂಕನ್ನು ಕಂಡುಹಿಡಿಯಬಹುದಾಗಿತ್ತೇ ಹೊರತು ಅದನ್ನು ತಡೆದು ನಿಲ್ಲಿಸುವ ಔಷಧವಿರಲಿಲ್ಲ. 1996ರ ಸುಮಾರಿಗೆ ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆ ಬಂದು ಪರಿಸ್ಥಿತಿ ಬದಲಾಯಿತು. ಭಾರತ ಸರ್ಕಾರ 2004ರಿಂದ ಈ ಚಿಕಿತ್ಸೆಯನ್ನು ಉಚಿತವಾಗಿ ಕೊಡುತ್ತಿದೆ. ರೋಗವನ್ನು ಬೇರುಸಹಿತ ಕೀಳುವ ಮದ್ದು ಇಂದಿಗೂ ಎಲ್ಲರ ಕೈಗೆಟುಕಿಲ್ಲವಾದರೂ, ಸಕಾಲದಲ್ಲಿ ಔಷಧ ಆರಂಭಿಸಿ ತಪ್ಪದೆ ಸೇವಿಸುವವರು ಬಹುಮಟ್ಟಿಗೆ ಇತರರಷ್ಟೇ ಕಾಲ ಬದುಕಬಲ್ಲರು. ಔಷಧದಿಂದ ರಕ್ತದಲ್ಲಿನ ವೈರಸ್ಸು ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗಿ ಹಾಗೆಯೇ ಉಳಿದವರಿಂದ ಸಂಗಾತಿಗೆ ದೈಹಿಕ ಸಂಪರ್ಕದ ಮೂಲಕ ಸೋಂಕು ತಗಲುವುದಿಲ್ಲವೆಂಬುದೂ ಸಿದ್ಧವಾಗಿದೆ. ಔಷಧ ಇಷ್ಟು ಮುಂದೆ ಸಾಗಿದ್ದರೂ ಜನರ ಮನಸ್ಸಿನಲ್ಲಿ ಉಳಿದಿರುವುದು 1986ರ ಭಯವೇ.

ಮೊದಲ 72 ಗಂಟೆಗಳು

ತರುಣನು ಮೌನವಾಗಿ ಕಳೆದ ಮೊದಲ ಮೂರು ದಿನಗಳು ಅತ್ಯಂತ ಬೆಲೆಯುಳ್ಳವಾಗಿದ್ದವು. ಅಪಾಯಕಾರಿಯಾದ ಸಂಪರ್ಕ ನಡೆದ ಮೇಲೆ ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಗಳೊಳಗೆ, ವೈದ್ಯರನ್ನು ಕಂಡರೆ, ಅವಶ್ಯವೆನಿಸಿದಲ್ಲಿ ಅವರು 28 ದಿನಗಳ ಔಷಧವನ್ನು ಕೊಡಬಲ್ಲರು. ಅದಕ್ಕೆ ‘ಪೆಪ್’ ಎಂದು ಹೆಸರು. ವೈರಸ್ಸು ದೇಹದಲ್ಲಿ ಬೇರೂರುವ ಮೊದಲೇ ಅದನ್ನು ತಡೆಯುವುದು ಈ ಔಷಧದ ಉದ್ದೇಶ. ಎಷ್ಟು ಬೇಗ ಆರಂಭಿಸಿದರೆ ಅಷ್ಟು ಫಲ. 72 ಗಂಟೆ ಮೀರಿದ ಮೇಲೆ ಅದನ್ನು ಕೊಡುವುದಿಲ್ಲ. ಮೂರು ದಿನ ನಾಚಿಕೊಂಡು ಕುಳಿತವನಿಗೆ ಈ ಬಾಗಿಲು ಮುಚ್ಚಿಹೋಗುತ್ತದೆ.

ಹಾಗೆಂದು ಎಲ್ಲವೂ ಮುಗಿಯಿತೆಂದು ಭಾವಿಸಬೇಕಾಗಿಲ್ಲ. ಭಯದ ಕಣ್ಣಿಗೆ ಒಂದು ಸಂಪರ್ಕವೆಂದರೆ ಒಂದು ಸೋಂಕು. ವೈದ್ಯಶಾಸ್ತ್ರದ ಲೆಕ್ಕ ಬೇರೆ. ಚಿಕಿತ್ಸೆ ಪಡೆಯದ ಸೋಂಕಿತ ಸ್ತ್ರೀಯೊಡನೆ ಕಾಂಡೋಮಿಲ್ಲದೆ ಸಂಪರ್ಕ ನಡೆದಾಗ ಪುರುಷನಿಗೆ ಸೋಂಕು ತಗಲುವ ಸಂಭವ ಸರಾಸರಿ 10,000 ಸಲಕ್ಕೆ 4 ಎಂದೂ, ಸೋಂಕಿತ ಪುರುಷನಿಂದ ಸ್ತ್ರೀಗೆ ತಗಲುವ ಸಂಭವ 8 ಎಂದೂ ಅಂದಾಜು. ಗುದದ್ವಾರದ ಸಂಪರ್ಕದಲ್ಲಿ, ಸ್ವೀಕರಿಸುವವರಿಗೆ, ಈ ಸಂಖ್ಯೆ ಸುಮಾರು 138ಕ್ಕೆ ಏರುತ್ತದೆ. ಇತರ ಗುಹ್ಯರೋಗಗಳಿದ್ದರೆ ಅಪಾಯ ಇನ್ನೂ ಹೆಚ್ಚು. ಇವು ಸರಾಸರಿಗಳು, ಒಬ್ಬೊಬ್ಬರಿಗೆ ಅಭಯಪತ್ರಗಳಲ್ಲ. ಆದರೂ ನಡುರಾತ್ರಿಯಲ್ಲಿ ತನ್ನ ಮರಣವನ್ನೇ ಕಾಣುತ್ತಿರುವವನಿಗೆ ಈ ಲೆಕ್ಕ ತಿಳಿದಿರುವುದು ಒಳ್ಳೆಯದು. ಬೇರೆ ಲೋಟವಿಡುವುದು, ಮಗುವನ್ನು ದೂರವಿಡುವುದು ಇವಂತೂ ಕೇವಲ ಭ್ರಮೆ. ಊಟ, ನೀರು, ಸ್ಪರ್ಶ, ಬೆವರು, ಸೊಳ್ಳೆ ಇವು ಯಾವುದರಿಂದಲೂ ಎಚ್.ಐ.ವಿ. ಹರಡುವುದಿಲ್ಲ.

ಮೈ ಹೇಳುವುದನ್ನು ನಂಬಬಹುದೇ?

ಸೋಂಕು ತಗಲಿದ ಎರಡರಿಂದ ನಾಲ್ಕು ವಾರಗಳಲ್ಲಿ ಕೆಲವರಿಗೆ ಜ್ವರ, ಗಂಟಲುನೋವು, ಮೈಮೇಲೆ ದದ್ದು ಕಾಣಿಸಿಕೊಳ್ಳುವುದು ನಿಜ. ಸಾಮಾನ್ಯ ಶೀತಜ್ವರಕ್ಕೂ ಇವೇ ಲಕ್ಷಣಗಳು. ಇನ್ನು ಅಂಜಿಕೆಯೊಂದೇ ಸಾಕು, ನಿದ್ರೆ ಕೆಡಿಸಲು, ಬೆವರಿಳಿಸಲು, ಹೊಟ್ಟೆ ಕೆಡಿಸಲು. ಊಟ ಬಿಟ್ಟವನ ತೂಕ ಇಳಿಯದೆ ಏನಾದೀತು? ಅತ್ತ, ಸೋಂಕು ತಗಲಿಯೂ ವರ್ಷಗಟ್ಟಲೆ ಯಾವ ಲಕ್ಷಣವೂ ತೋರದಿರುವವರಿದ್ದಾರೆ. ಆದುದರಿಂದ ಕನ್ನಡಿಯ ಮುಂದೆ ನಾಲಗೆ ಚಾಚಿ ನೋಡಿಕೊಳ್ಳುವುದರಿಂದ ಭಯಪಡಲೂ ಆಧಾರವಿಲ್ಲ, ಸಮಾಧಾನಪಡಲೂ ಆಧಾರವಿಲ್ಲ. ರಕ್ತಪರೀಕ್ಷೆಯೊಂದೇ ಉತ್ತರ ಹೇಳಬಲ್ಲುದು.

ಆದರೆ ಆ ಪರೀಕ್ಷೆಗೂ ಕಾಲ ಕೂಡಿಬರಬೇಕು. ಬಿತ್ತಿದ ಮರುದಿನವೇ ಮೊಳಕೆ ಹುಡುಕಿದರೆ ಸಿಕ್ಕೀತೆ? ವೈರಸ್ಸು ಹೊಕ್ಕ ಮೇಲೆ ರಕ್ತದಲ್ಲಿ ಅದರ ಗುರುತು ಕಾಣುವವರೆಗೆ ಕೆಲವು ದಿನಗಳ ಅಂತರವಿರುತ್ತದೆ. ವೈದ್ಯರು ಇದನ್ನು ‘ವಿಂಡೋ ಪೀರಿಯಡ್’ ಎನ್ನುತ್ತಾರೆ. ವೈರಸ್ಸಿನ ಅಂಶ ಮತ್ತು ಅದರ ವಿರುದ್ಧ ದೇಹ ಹುಟ್ಟಿಸುವ ಪ್ರತಿಕಾಯ, ಇವೆರಡನ್ನೂ ಹುಡುಕುವ ಪ್ರಯೋಗಾಲಯದ ಪರೀಕ್ಷೆಗೆ 18ರಿಂದ 45 ದಿನಗಳು ಬೇಕು. ಪ್ರತಿಕಾಯವನ್ನು ಮಾತ್ರ ಹುಡುಕುವ ಪರೀಕ್ಷೆಗೆ 23ರಿಂದ 90 ದಿನಗಳು. ಬೆರಳ ತುದಿಯ ರಕ್ತದಿಂದ ಮಾಡುವ ಶೀಘ್ರ ಪರೀಕ್ಷೆಗಳು ಬಹುಮಟ್ಟಿಗೆ ಈ ಎರಡನೆಯ ಬಗೆಯವು. ಇದಕ್ಕೆ ಮುಂಚೆ ‘ಇಲ್ಲ’ ಎಂದು ಬಂದ ಉತ್ತರ ಕೊನೆಯ ಉತ್ತರವಲ್ಲ. ಪೆಪ್ ಔಷಧ ತೆಗೆದುಕೊಂಡವರಿಗೆ ಪರೀಕ್ಷೆಯ ದಿನಗಳನ್ನು ವೈದ್ಯರೇ ನಿಗದಿಮಾಡಬೇಕು.

ಕೆಲವರು ಗುಟ್ಟಾಗಿ ಪರೀಕ್ಷೆಯಾಗಲೆಂದು ರಕ್ತದಾನಕ್ಕೆ ಹೋಗುವುದುಂಟು. ಇದು ಸರ್ವಥಾ ಸಲ್ಲದು. ಪರೀಕ್ಷೆಯ ಕಣ್ಣಿಗೆ ಬೀಳದ ಆ ದಿನಗಳಲ್ಲಿ ಕೊಟ್ಟ ರಕ್ತ ಇನ್ನೊಬ್ಬರ ಪ್ರಾಣಕ್ಕೆ ಎರವಾದೀತು.

ಸರ್ಕಾರಿ ಆಸ್ಪತ್ರೆಯ ಒಂದು ಕೋಣೆ

ತರುಣನು ಕಡೆಗೆ 1097 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಫೋನ್ ಮಾಡಿದ. ಹಣ ತೆರಬೇಕಾಗಿಲ್ಲದ ಈ ಕರೆಯಿಂದ ಅವನಿಗೆ ಹತ್ತಿರದ ಐಸಿಟಿಸಿ ಕೇಂದ್ರದ ವಿಳಾಸ ಸಿಕ್ಕಿತು. ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಇರುವ ಈ ಕೇಂದ್ರಗಳಲ್ಲಿ ಆಪ್ತಸಮಾಲೋಚನೆಯೂ ಪರೀಕ್ಷೆಯೂ ಉಚಿತ.

ಕೋಣೆಯಲ್ಲಿದ್ದ ಆಪ್ತಸಮಾಲೋಚಕಿ ನಡುವಯಸ್ಸಿನವರು. ಅವನು ತಲೆಯೆತ್ತದೆ ಎಲ್ಲವನ್ನೂ ಹೇಳಿದ. ಅವರು ಬೈಯಲಿಲ್ಲ, ಉಪದೇಶಿಸಲಿಲ್ಲ. ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿ, “ಯಾವ ದಿನ ನಡೆದದ್ದು?” ಎಂದು ಮಾತ್ರ ಕೇಳಿದರು. ದಿನ ಎಣಿಸಿ ಒಂದು ಚೀಟಿಯಲ್ಲಿ ತಾರೀಖುಗಳನ್ನು ಬರೆದುಕೊಟ್ಟರು. ಅಷ್ಟು ದಿನ ಬರಿಯ ಕತ್ತಲಾಗಿದ್ದ ಭಯಕ್ಕೆ ಅಂದು ಮೊದಲ ಬಾರಿಗೆ ಒಂದು ತುದಿ ಕಂಡಿತು.

“ಅಲ್ಲಿಯವರೆಗೆ ನಾನು ಏನು ಮಾಡಲಿ, ಮೇಡಂ?” ಎಂದ.

“ಊಟ ಮಾಡಿ, ನಿದ್ರೆ ಮಾಡಿ, ಕೆಲಸಕ್ಕೆ ಹೋಗಿ. ರಾತ್ರಿ ಫೋನಿನಲ್ಲಿ ರೋಗ ಹುಡುಕಬೇಡಿ. ರಕ್ತ ಕೊಡಬೇಡಿ, ಯಾರ ಜೊತೆಗೂ ಕಾಂಡೋಮಿಲ್ಲದೆ ಸೇರಬೇಡಿ. ಸಿಫಿಲಿಸ್, ಹೆಪಟೈಟಿಸ್ ಬಿ ಪರೀಕ್ಷೆಗಳನ್ನೂ ಮಾಡಿಸಿಕೊಳ್ಳಿ. ಮದುವೆಯ ದಿನ ಈ ಚೀಟಿಯ ಕೊನೆಯ ತಾರೀಖಿನ ಆಚೆಗಿರಲಿ.”

ಗುಟ್ಟು ರಟ್ಟಾದೀತೆಂಬ ಅವನ ಶಂಕೆಗೂ ಉತ್ತರವಿತ್ತು. ಸಂಸತ್ತು 2017ರಲ್ಲಿ ಒಪ್ಪಿದ, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್.ಐ.ವಿ. ಮತ್ತು ಏಡ್ಸ್ ಕಾನೂನಿನ ಪ್ರಕಾರ ವಿಷಯ ತಿಳಿಸಿ ಒಪ್ಪಿಗೆ ಪಡೆಯದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಗೋಪ್ಯವಾಗಿಡಬೇಕು, ಸೋಂಕಿನ ಕಾರಣಕ್ಕೆ ಕೆಲಸ, ಚಿಕಿತ್ಸೆ, ವಿದ್ಯೆ ಇವುಗಳಲ್ಲಿ ಅನ್ಯಾಯವಾಗಿ ಭೇದ ಮಾಡುವಂತಿಲ್ಲ. ಮೊದಲ ಪರೀಕ್ಷೆಯಲ್ಲಿ ಸಂಶಯ ಕಂಡುಬಂದರೂ ಅಷ್ಟಕ್ಕೇ ನಿರ್ಣಯವಾಗುವುದಿಲ್ಲ. ಬೇರೆ ಬೇರೆ ಬಗೆಯ ಮೂರು ಪರೀಕ್ಷೆಗಳೂ ಒಂದೇ ಮಾತು ಹೇಳಿದಾಗ ಮಾತ್ರ ‘ಇದೆ’ ಎನ್ನುತ್ತಾರೆ. ಹಾಗೆ ಹೇಳಿಸಿಕೊಂಡವರಿಗೂ ಆ ಕೋಣೆಯಿಂದಲೇ ಚಿಕಿತ್ಸೆಯ ದಾರಿ ತೆರೆಯುತ್ತದೆ.

ರಕ್ತದಲ್ಲಿಲ್ಲದ ಪ್ರಶ್ನೆ

ಚೀಟಿಯಲ್ಲಿನ ಕೊನೆಯ ತಾರೀಖು ಬಂದಿತು. ಫಲಿತಾಂಶ ‘ಇಲ್ಲ’ ಎಂದು ಬಂದಿತು. ತರುಣನು ಅಂದು ಹೊಟ್ಟೆತುಂಬ ಉಂಡ. ಆದರೆ ನಾಲ್ಕನೆಯ ದಿನ ಮತ್ತೆ ಅದೇ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಪರೀಕ್ಷೆ ತಪ್ಪಾಗಿರಬಹುದಲ್ಲವೆ? ಇನ್ನೊಂದು ಸಲ ನೋಡಬಾರದೆ?

“ರಕ್ತಕ್ಕೆ ಕೇಳಿದ ಪ್ರಶ್ನೆಗೆ ಉತ್ತರ ಬಂದಾಯಿತು. ನಿಮಗೆ ಇನ್ನೂ ನೋವು ಕೊಡುತ್ತಿರುವುದು ರಕ್ತದಲ್ಲಿಲ್ಲ” ಎಂದರು ಆ ತಾಯಿ.

ಇದು ಆಪ್ತಸಮಾಲೋಚಕರು ಮತ್ತೆ ಮತ್ತೆ ಕಾಣುವ ಸಂಗತಿ. ಮಾಡಿದ ಕಾರ್ಯಕ್ಕಾಗಿ ಮನಸ್ಸು ಪಶ್ಚಾತ್ತಾಪಪಡುತ್ತಿರುತ್ತದೆ, ಶಿಕ್ಷೆಯನ್ನು ನಿರೀಕ್ಷಿಸುತ್ತಿರುತ್ತದೆ. ರೋಗ ಬರಲಿಲ್ಲವೆಂದರೆ ಶಿಕ್ಷೆ ಬಾಕಿ ಉಳಿಯಿತೆಂದು ಅದು ಕಳವಳಗೊಳ್ಳುತ್ತದೆ. ಇಂಥವರು ಹತ್ತು ಪ್ರಯೋಗಾಲಯಗಳಿಗೆ ಅಲೆದು, ಹತ್ತು ‘ಇಲ್ಲ’ಗಳನ್ನು ಪಡೆದೂ ಹನ್ನೊಂದನೆಯದಕ್ಕೆ ಹೊರಡುತ್ತಾರೆ. ವೈರಸ್ಸಿಗೆ ಪಾಪಪುಣ್ಯಗಳ ಲೆಕ್ಕ ಗೊತ್ತಿಲ್ಲ. ಅದು ಯಾರ ನಡತೆಗೂ ತೀರ್ಪು ಕೊಡುವ ನ್ಯಾಯಾಧೀಶನಲ್ಲ. ಸೋಂಕು ತಗಲಿದವರು ಅಪರಾಧಿಗಳೂ ಅಲ್ಲ, ತಗಲದವರು ಸಾಧುಗಳೂ ಅಲ್ಲ. ಮನಸ್ಸಾಕ್ಷಿಯ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಅದನ್ನು ಅದರ ಹೆಸರಿನಿಂದಲೇ ಕರೆಯಬೇಕು. ಮುಂದೆ ಹೇಗೆ ನಡೆಯಬೇಕೆಂದು ನಿಶ್ಚಯಿಸಬೇಕು. ಅಷ್ಟಾದರೂ ಅಂಜಿಕೆ ಬಿಡದಿದ್ದರೆ, ಗಂಟಲುನೋವಿಗೆ ವೈದ್ಯರಲ್ಲಿಗೆ ಹೋಗುವಂತೆಯೇ ಮನೋವೈದ್ಯರಲ್ಲಿಗೆ ಹೋಗುವುದರಲ್ಲಿ ನಾಚಿಕೆಯೇನೂ ಇಲ್ಲ.

ತರುಣನು ಅಂದು ಮತ್ತೊಂದು ಪರೀಕ್ಷೆ ಮಾಡಿಸಿಕೊಳ್ಳಲಿಲ್ಲ. ಒಂದು ಗಂಟೆ ಕುಳಿತು ಮಾತನಾಡಿ ಮನೆಗೆ ಹೋದ. ಬೇರೆ ಇಟ್ಟುಕೊಂಡಿದ್ದ ಲೋಟ ಮರುದಿನ ಉಳಿದ ಲೋಟಗಳ ಸಾಲಿಗೆ ಸೇರಿತು.

ಬೆಳೆದ ಮಕ್ಕಳಿರುವ ಮನೆಗಳಲ್ಲಿ ಈ ವಿಷಯದ ಮಾತು ಬರುವುದೇ ಇಲ್ಲ. ಪತ್ರಿಕೆಯಲ್ಲಿ ಏಡ್ಸ್ ಎಂಬ ಶಬ್ದ ಕಂಡರೆ ಪುಟ ಮಗುಚುವವರೇ ಹೆಚ್ಚು. ತಪ್ಪು ಮಾಡಿದ ಮಗ ಮೊದಲ ದಿನವೇ ಮನೆಯಲ್ಲಿ ಯಾರಾದರೊಬ್ಬರ ಮುಂದೆ ಬಾಯಿಬಿಡಬಲ್ಲನೆಂದರೆ 72 ಗಂಟೆಗಳು ವ್ಯರ್ಥವಾಗುವುದಿಲ್ಲ. ಅಣ್ಣನಾಗಲಿ, ಸೋದರಮಾವನಾಗಲಿ, ತಾಯಿಯೇ ಆಗಲಿ, ಆ ಹೊತ್ತಿನಲ್ಲಿ ಕೇಳಬೇಕಾದದ್ದು ‘ಯಾಕೆ ಹೀಗೆ ಮಾಡಿದೆ?’ ಎಂದಲ್ಲ, ‘ಯಾವ ದಿನ ನಡೆದದ್ದು? ನಡೆ, ಆಸ್ಪತ್ರೆಗೆ ಹೋಗೋಣ’ ಎಂದು. ಉಳಿದ ಪ್ರಶ್ನೆಗಳಿಗೆ ಆಮೇಲೆ ಬೇಕಾದಷ್ಟು ಸಮಯವಿರುತ್ತದೆ.