ಮಕ್ಕಳ ಸಂತೆ, ಚನ್ನೆಮಣೆ ಮತ್ತು ಮನೆಯ ಲೆಕ್ಕ

ಗದಗ ತಾಲೂಕಿನ ಹೊಂಬಳದ ಸೀಮೆ ಕಾಫಿ, ಅಡಿಕೆಯ ನಾಡಲ್ಲ. ಅಲ್ಲಿಯದು ಕಡಲೆ, ಜೋಳ, ಹತ್ತಿ, ಉಳ್ಳಾಗಡ್ಡಿ ಬೆಳೆಯುವ ಎರೆನೆಲ. ಆದರೂ ಸಹಕಾರಿಗಳಾದ ನಮಗೆ ಆ ಸೀಮೆಯೊಡನೆ ಹಳೆಯ ನಂಟಿದೆ. ಅದೇ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳ್ತನದಲ್ಲಿ ಹುಟ್ಟಿದ ಕೃಷಿ ಪತ್ತಿನ ಸಂಘವು ದೇಶದಲ್ಲೇ ಮೊದಲನೆಯದೆಂದು ಹೆಸರಾಗಿದೆ. ಸಾಹುಕಾರರ ಬಡ್ಡಿಯಿಂದ ರೈತನನ್ನು ಬಿಡಿಸುವುದೇ ಅದರ ಉದ್ದೇಶವಾಗಿತ್ತು. ಅಲ್ಲಿಯ ರೈತನಿಗೂ ನಮ್ಮ ಬೆಳೆಗಾರನಿಗೂ ಒಂದು ಸಾಮ್ಯವುಂಟು. ಇಬ್ಬರ ಕೈಗೂ ಹಣ ಬರುವುದು ಸುಗ್ಗಿಯಲ್ಲಿ, ಖರ್ಚು ಮಾತ್ರ ವರ್ಷವಿಡೀ. ಇಂಥ ಮನೆಗಳ ಮಕ್ಕಳಿಗೆ ಹಣದ ತಿಳಿವಳಿಕೆ ಹೇಗೆ ಕೊಡಬೇಕೆಂಬುದು ನಮ್ಮ ಇಂದಿನ ವಿಷಯ.

ತಿಂಗಳ ಸಂಬಳದ ಮನೆಯ ಮಗು ಒಂದನೇ ತಾರೀಖನ್ನು ಕಾಯಲು ತಾನಾಗಿಯೇ ಕಲಿಯುತ್ತದೆ. ನಮ್ಮ ಮನೆಯ ಮಗು ಕಾಣುವುದು ಬೇರೆ. ಅಡಿಕೆ ಮಂಡಿಗೆ ಹೋದ ವಾರ ಹೊಸ ಬಟ್ಟೆ, ಪೇಟೆಯ ತಿಂಡಿ. ಆಷಾಢದ ಮಳೆಯಲ್ಲಿ ಅಂಗಡಿಯ ಸಾಲದ ಪುಸ್ತಕ. ಇವೆರಡೂ ಒಂದೇ ಹಣದ ಕಥೆ ಎಂದು ಅದಕ್ಕೆ ಹೇಳುವವರಿಲ್ಲ. ಕಾಫಿ ಬೆಳೆದ ಹಿರಿಯರು 1990ರ ದಶಕದಲ್ಲಿ ಪೂಲ್ ಪದ್ಧತಿ ಮುಗಿಯುವವರೆಗೆ ಮಂಡಳಿಯಿಂದ ಕಂತು ಕಂತಾಗಿ ಹಣ ಪಡೆದವರು. ಆ ಕಂತುಗಳಿಗೆ ಕಾದು ಬೇಸತ್ತವರೂ ಉಂಟು. ಆದರೆ ಹಣ ಹಂಚಿ ಬರುತ್ತಿತ್ತು. ಈಗ ಹಂಚುವ ಕೆಲಸ ನಮ್ಮದೇ.

ನಮ್ಮ ರಾಜ್ಯದ ಅನೇಕ ಸರಕಾರಿ ಶಾಲೆಗಳಲ್ಲಿ ‘ಮಕ್ಕಳ ಸಂತೆ’ ನಡೆಯುತ್ತದೆ; ಕೆಲವೆಡೆ ಅದನ್ನು ಮೆಟ್ರಿಕ್ ಮೇಳದೊಡನೆ ನಡೆಸುತ್ತಾರೆ. ಮಕ್ಕಳು ಮನೆಯಿಂದ ಕೊತ್ತಂಬರಿ, ಮೆಂತ್ಯ, ನಿಂಬೆಹಣ್ಣು, ಚುರುಮುರಿ ತಂದು ಅಂಗಳದಲ್ಲಿ ಹರಡಿ ಕೂರುತ್ತಾರೆ. ಊರವರೂ ಶಿಕ್ಷಕರೂ ಗಿರಾಕಿಗಳು. ತೂಕ, ಚಿಲ್ಲರೆ, ಚೌಕಾಸಿ, ಸಂಜೆಯಾದಂತೆ ಬೆಲೆ ಇಳಿಸುವ ಜಾಣತನ ಎಲ್ಲವನ್ನೂ ಒಂದೇ ದಿನದಲ್ಲಿ ಕಲಿಯುತ್ತಾರೆ. ಒಳ್ಳೆಯ ಪದ್ಧತಿ. ಆದರೆ ಒಂದು ಕೊರತೆಯಿದೆ. ಸೊಪ್ಪನ್ನು ಅಪ್ಪ ಹೊಲದಿಂದ ಕಿತ್ತು ಕೊಟ್ಟಿರುತ್ತಾನೆ, ಮಾರಿದ್ದೆಲ್ಲ ಲಾಭವೆಂದು ಮಗು ಕುಣಿಯುತ್ತದೆ. ಆ ಸಂಜೆ ತಾಯಿಯೋ ಅಜ್ಜನೋ ಪಕ್ಕದಲ್ಲಿ ಕೂತು ಬೀಜಕ್ಕೆಷ್ಟು, ಗೊಬ್ಬರಕ್ಕೆಷ್ಟು, ಕಿತ್ತವರ ಕೂಲಿ ಎಷ್ಟು ಎಂದು ಕೇಳಿ ಅಷ್ಟನ್ನು ಬೇರೆ ತೆಗೆದಿಡಿಸಬೇಕು. ಉಳಿದದ್ದು ಮಗುವಿನ ಸಂಪಾದನೆ. ಅದು ಸಣ್ಣದಾಗಿ ಕಂಡು ಮಗು ಮುಖ ಸಪ್ಪಗೆ ಮಾಡಿದರೆ ಪಾಠ ತಲುಪಿತೆಂದೇ ಅರ್ಥ.

ಮನೆಯಲ್ಲಿ ಚನ್ನೆಮಣೆ (ಉತ್ತರದವರ ಅಳಗುಳಿಮಣೆ) ಇದ್ದರೆ ಕೆಳಗಿಳಿಸಿ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಹುಣಸೆ ಬೀಜ. ಆಟ ಮುಗಿದ ಮೇಲೆ ಬೀಜಗಳನ್ನೆಲ್ಲ ಗುಡ್ಡೆ ಮಾಡಿ, ಇದು ಈ ವರ್ಷದ ಅಡಿಕೆ ಹಣ ಎನ್ನಿ. ಗೊಬ್ಬರ, ಕೊಳೆರೋಗದ ಔಷಧಿ, ಕೊನೆ ಕೊಯ್ಲಿನ ಕೂಲಿ ಇವಕ್ಕೆ 20 ಬೀಜ ಮೊದಲೇ ತೋಟಕ್ಕೆ ಹೋಗಲಿ. ಉಳಿದ 36ನ್ನು ಮಗುವೇ ಹನ್ನೆರಡು ತಿಂಗಳ ಗುಳಿಗಳಿಗೆ ಹಂಚಲಿ. ಮೂರು ಮೂರು ಹಾಕಿದರೆ ಸರಿಹೋಗುತ್ತದೆ, ಆದರೆ ಎರಡು ಗುಳಿ ಬರಿದು. ಒಂದು ಸಂಘದ ಸಾಲಕ್ಕೆ, ಇನ್ನೊಂದು ಕಾಯಿಲೆ ಕಸಾಲೆಗೆ ಎಂದು ಆಗ ಹೇಳಿ. ತಿಂಗಳಿಗೆ ಎರಡೆರಡೇ ಉಳಿಸಿಕೊಂಡರೆ 12 ಬೀಜ ಸಿಗುತ್ತದೆ. ಎಂಟು ಸಾಲದ ಗುಳಿಗೆ, ನಾಲ್ಕು ಆಪತ್ತಿನ ಗುಳಿಗೆ. ಜೂನ್‌ನಲ್ಲಿ ಶಾಲೆಯ ಪುಸ್ತಕಕ್ಕೆ ಮೂರು ಬೇಕಾದರೆ ಯಾವ ತಿಂಗಳಿನದು ತೆಗೆಯುವುದು? ಈ ಜಗಳ ನಡೆಯಬೇಕು. ಏಳೆಂಟು ವರ್ಷದ ಮಕ್ಕಳಿಗೆ ಇದು ಸಾಧ್ಯ. ತೀರ ಎಳೆಯರ ಕೈಗೆ ಬೀಜ ಕೊಡಬೇಡಿ, ಬಾಯಿಗೆ ಹಾಕುತ್ತಾರೆ.

ಅಂಗಡಿಗೆ ಕಳಿಸುವಾಗ ಆದಷ್ಟು ನೋಟು, ನಾಣ್ಯ ಕೊಟ್ಟು ಕಳಿಸಿ. ಮೊಬೈಲ್‌ನಲ್ಲಿ ಹಣ ಕೊಡುವುದು ನಮಗೆ ಅನುಕೂಲವೇ, ಆದರೆ ಹಣ ಕಡಿಮೆಯಾದದ್ದು ಮಗುವಿನ ಕಣ್ಣಿಗೆ ಬೀಳುವುದಿಲ್ಲ. ತೋಟದಲ್ಲಿ ಉದುರಿದ ಅಡಿಕೆಯನ್ನು ಆರಿಸಿ ತಂದರೆ ಅದರ ಹಣ ಮಕ್ಕಳದ್ದೆಂಬ ರೂಢಿ ಕೆಲವು ಮನೆಗಳಲ್ಲಿದೆ, ಅದು ಇರಲಿ. ಆದರೆ ಶಾಲೆ ತಪ್ಪಿಸಿ ಆರಿಸಲು ಹಚ್ಚುವುದು ಆಟವೂ ಅಲ್ಲ, ಪಾಠವೂ ಅಲ್ಲ. ಕೊಟ್ಟ ಹಣವನ್ನು ಮಗುವಿನ ಡಬ್ಬಿಯಿಂದ ಕೇಳದೆ ಎತ್ತಿಕೊಳ್ಳುವುದೂ ಸಲ್ಲದು. ದೊಡ್ಡವರು ತೆಗೆದುಕೊಂಡರೆ ಚೀಟಿ ಬರೆದಿಟ್ಟು, ಹೇಳಿದ ದಿನ ತಿರುಗಿ ಹಾಕತಕ್ಕದ್ದು.

ಡಬ್ಬಿ ತುಂಬಿದ ಮೇಲೆ ಖಾತೆ. ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲಿ ಪಿಗ್ಮಿ ಠೇವಣಿ ಕೂಡಿಸಲು ತೊಡಗಿದ್ದರು. ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತಾದರೂ ‘ಪಿಗ್ಮಿ’ ಎಂಬ ಮಾತು ನಮ್ಮ ಪೇಟೆಗಳಲ್ಲಿ ಉಳಿದಿದೆ. ರಿಸರ್ವ್ ಬ್ಯಾಂಕು 2025ರ ಏಪ್ರಿಲ್‌ನಲ್ಲಿ ಹೊರಡಿಸಿದ ಸೂಚನೆಯಂತೆ, ಹತ್ತು ವರ್ಷ ತುಂಬಿದ ಮಕ್ಕಳು ತಾವೇ ಉಳಿತಾಯ ಖಾತೆ ತೆರೆದು ನಡೆಸಲು ಬ್ಯಾಂಕುಗಳು ಅವಕಾಶ ಕೊಡಬಹುದು. ಸಹಕಾರಿ ಬ್ಯಾಂಕುಗಳಿಗೂ ಇದು ಅನ್ವಯಿಸುತ್ತದೆ. ಎಷ್ಟು ಮೊತ್ತದವರೆಗೆ ಎಂಬುದನ್ನು ಆಯಾ ಬ್ಯಾಂಕು ಗೊತ್ತುಪಡಿಸುತ್ತದೆ. ಚಿಕ್ಕವರಿಗಾದರೆ ಪೋಷಕರ ಮೂಲಕ ತೆರೆಯಬೇಕು. ಯಾವ ವಯಸ್ಸಿನ ಮಗುವಿನ ಖಾತೆಯಾದರೂ, ಅದರಲ್ಲಿ ಇರುವುದಕ್ಕಿಂತ ಹೆಚ್ಚು ತೆಗೆಯಲು ಬರುವುದಿಲ್ಲ.