ಮೂರು ಫಲಕಗಳಲ್ಲಿ ಒಂದು ಛಾಯಾಚಿತ್ರ

ಒಂದೇ ವಿಷಯವನ್ನು ಮೂರು ಫಲಕಗಳಲ್ಲಿ ಚಿತ್ರಿಸುವ ಪದ್ಧತಿಯು ಯೂರೋಪಿನ ದೇವಾಲಯಗಳಲ್ಲಿ ಬಹು ಪುರಾತನವಾದದ್ದು. ಕರ್ತನ ಶರೀರವನ್ನು ಶಿಲುಬೆಯಿಂದ ಇಳಿಸುವದನ್ನು ರೂಬೆನ್ಸನು 1612ರಿಂದ 1614ರ ವರೆಗೆ ಬರೆದ ಚಿತ್ರವು ಆಂಟ್ವರ್ಪ್ ಪಟ್ಟಣದ ಮಹಾದೇವಾಲಯದಲ್ಲಿ ಹೀಗೆಯೇ ಮೂರು ಭಾಗವಾಗಿರುವದು. ನಮ್ಮ ತರಗತಿಯ ಹಳೆಯ ಗುಂಪುಚಿತ್ರವನ್ನು ಇದೇ ರೀತಿಯಲ್ಲಿ ಗೋಡೆಗೆ ಸಿದ್ಧಪಡಿಸಲು, ಬೆಲೆಯಿಲ್ಲದೆ ದೊರೆಯುವ ಗಿಂಪ್ ಎಂಬ ತಂತ್ರಾಂಶವೇ ಸಾಕು.

10 ಅಂಗುಲ ಅಗಲದ ಪಟವನ್ನು ಅಂಗುಲಕ್ಕೆ 600 ಬಿಂದುಗಳಂತೆ ಸ್ಕ್ಯಾನ್ ಮಾಡಿದರೆ ಅಗಲದಲ್ಲಿ 6000 ಬಿಂದುಗಳು ದೊರೆಯುವವು. ಅಂದರೆ ಫಲಕವೊಂದಕ್ಕೆ 2000. ಅಂಗುಲಕ್ಕೆ 200ರಂತೆ ಮುದ್ರಿಸಿದಲ್ಲಿ ಪ್ರತಿಯೊಂದೂ 10 ಅಂಗುಲ ಅಗಲವಾಗುವದು. ಮೂಲವನ್ನು ಮುಟ್ಟದೆ ನಕಲಿನಲ್ಲಿಯೇ ಕೆಲಸಮಾಡತಕ್ಕದ್ದು. ಅಂಚಿನ ಅಳತೆಪಟ್ಟಿಯಿಂದ ಎರಡು ಲಂಬರೇಖೆಗಳನ್ನು ಎಳೆದಿಟ್ಟು, ಅವುಗಳ ಗುಂಟ ಕತ್ತರಿಸುವ ಆಜ್ಞೆಯನ್ನು ಕೊಟ್ಟರೆ ಮೂರು ಚಿತ್ರಗಳು ಬೇರೆ ಬೇರೆಯಾಗಿ ತೆರೆಯುವವು.

ಆದರೆ ರೇಖೆಯು ಯಾರ ಮುಖದ ಮೇಲೂ ಬೀಳಕೂಡದು. ಸಮಭಾಗಕ್ಕಿಂತ ಇದೇ ಮುಖ್ಯವೆಂದು ನನ್ನ ಎಣಿಕೆ. ಇಬ್ಬರು ಹುಡುಗಿಯರ ನಡುವಣ ಸಂದನ್ನು ಹುಡುಕಿ ರೇಖೆಯನ್ನು ಅಲ್ಲಿಗೆ ಸರಿಸಬೇಕು; ಫಲಕಗಳು ಕೊಂಚ ಅಸಮವಾದರೂ ಚಿಂತೆಯಿಲ್ಲ. (ರೂಬೆನ್ಸನ ಪಕ್ಕದ ಫಲಕಗಳೂ ನಡುವಿನದಕ್ಕಿಂತ ಕಿರಿದೇ.) ಕೆಲವರು ಫಲಕಗಳ ನಡುವಣ ತೆರಪಿನಷ್ಟು ಚಿತ್ರವನ್ನು ಕತ್ತರಿಸಿ ಬಿಸುಡುವರು. ಕಡಲು ಬೆಟ್ಟಗಳ ಚಿತ್ರಕ್ಕೆ ಇದು ಒಪ್ಪುವದು. ಗುಂಪುಚಿತ್ರದಲ್ಲಿಯಾದರೋ ಸಹಪಾಠಿನಿಯೊಬ್ಬಳು ಆ ತೆರಪಿನಲ್ಲಿ ಮರೆಯಾಗಿ ಹೋಗುವಳು. ಆದಕಾರಣ ಏನನ್ನೂ ತೆಗೆಯದೆ, ಫಲಕಗಳನ್ನೇ ಒಂದೊಂದು ಅಂಗುಲ ದೂರದಲ್ಲಿ ತೂಗಹಾಕತಕ್ಕದ್ದು.