ಆರು ತಿಂಗಳ ತೆರಿಗೆಗೆ ಊರಿನ ಒಪ್ಪಿಗೆ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಎಂಬುದು ನಮ್ಮ ಹಿರಿಯರ ಮಾತು. ಆದರೆ ಸುಂಕದವನೇ ಜನರ ಮುಂದೆ ಬಂದು ನಿಂತು, ತನ್ನ ಕಷ್ಟ ಹೇಳಿಕೊಂಡು, ‘ಇನ್ನು ಆರು ತಿಂಗಳು ಸುಂಕ ಕೊಡುತ್ತೀರಾ?’ ಎಂದು ಕೇಳಿದರೆ? ಜನ ‘ಆಗಲಿ’ ಎಂದುಬಿಟ್ಟರೆ? ನಂಬುವುದು ಕಷ್ಟ. ಆದರೂ ಅಮೆರಿಕದ ಒಕ್ಲಹೋಮ ಸಿಟಿಯಲ್ಲಿ 1998ರ ಡಿಸೆಂಬರ್‌ನಲ್ಲಿ ನಡೆದದ್ದು ಇದೇ.

ಅಮೆರಿಕದ ಅಂಗಡಿಯಲ್ಲಿ ಬಿಲ್ಲಿನ ಕೊನೆಗೆ ಸೇರುವ ಮಾರಾಟ ತೆರಿಗೆಯಲ್ಲಿ ರಾಜ್ಯದ ಪಾಲು ಬೇರೆ, ಊರಿನ ಪಾಲು ಬೇರೆ. ಒಕ್ಲಹೋಮ ರಾಜ್ಯದ ಪಟ್ಟಣಗಳಿಗಂತೂ ಈ ತೆರಿಗೆಯೇ ಜೀವಾಳ. ಆಸ್ತಿ ತೆರಿಗೆಯ ಹಣವನ್ನು ಅಲ್ಲಿನ ನಗರಾಡಳಿತ ದಿನನಿತ್ಯದ ಖರ್ಚಿಗೆ ಬಳಸುವಂತಿಲ್ಲ. ಮಾರಾಟ ತೆರಿಗೆಯನ್ನು ಏರಿಸಬೇಕೆಂದರೆ ಮತದಾರರ ಒಪ್ಪಿಗೆ ಪಡೆಯಲೇಬೇಕು. ಊರಿನ ಲೆಕ್ಕಪತ್ರ ಮತಗಟ್ಟೆಗೆ ಬರುವುದು ಹೀಗೆ.

ಕೈತಪ್ಪಿದ ಕಾರ್ಖಾನೆ

ಒಕ್ಲಹೋಮ ಸಿಟಿ ತೈಲದ ಹಣದಿಂದ ಬೆಳೆದ ಊರು. 1982ರಲ್ಲಿ ಅಲ್ಲಿನ ಪೆನ್ ಸ್ಕ್ವೇರ್ ಬ್ಯಾಂಕ್ ಮುಳುಗಿತು. ಬಳಿಕ ತೈಲದ ಬೆಲೆ ಕುಸಿದಾಗ ಊರಿನ ಬೆನ್ನು ಮುರಿದಂತಾಯಿತು. 1991ರಲ್ಲಿ ಯುನೈಟೆಡ್ ಏರ್‌ಲೈನ್ಸ್ ತನ್ನ ವಿಮಾನ ದುರಸ್ತಿ ಕೇಂದ್ರಕ್ಕೆ ಜಾಗ ಹುಡುಕುತ್ತಿದೆ ಎಂದು ಗೊತ್ತಾದಾಗ ನಗರ ಆಸೆಯಿಂದ ಕೈಚಾಚಿತು. ಕಂಪನಿ ಆರಿಸಿಕೊಂಡದ್ದು ಇಂಡಿಯಾನಾಪೊಲಿಸ್ ನಗರವನ್ನು. ರಿಯಾಯಿತಿಯಲ್ಲಿ ಕೊರತೆ ಇರಲಿಲ್ಲ, ತನ್ನ ನೌಕರರು ಬಂದು ನೆಲೆಸಬಹುದಾದ ಊರಾಗಿ ಒಕ್ಲಹೋಮ ಸಿಟಿ ಕಂಪನಿಗೆ ಕಾಣಲಿಲ್ಲ.

ಮೇಯರ್ ರಾನ್ ನೋರಿಕ್ ಇಂಡಿಯಾನಾಪೊಲಿಸ್‌ಗೆ ಹೋಗಿ ತಾವೇ ಕಣ್ಣಾರೆ ನೋಡಿಬಂದರು. ಅಲ್ಲಿ ಊರಿನ ನಡುಭಾಗದಲ್ಲಿ ಜನರಿದ್ದರು. ತಮ್ಮ ಊರಿನ ನಡುಭಾಗ ಸಂಜೆಯಾದರೆ ಖಾಲಿ. ಪಕ್ಕದ ನಾರ್ತ್ ಕೆನೇಡಿಯನ್ ನದಿಯಲ್ಲಿ ನೀರಿಗಿಂತ ಹುಲ್ಲೇ ಹೆಚ್ಚು. ‘ನಾವು ನದಿಯಲ್ಲೂ ಹುಲ್ಲು ಕತ್ತರಿಸುವವರು’ ಎಂದು ಊರವರೇ ನಗುತ್ತಿದ್ದರು.

ಆಗ ಹುಟ್ಟಿದ್ದು ‘ಮ್ಯಾಪ್ಸ್’ ಯೋಜನೆ. ಡಾಲರಿಗೆ ಒಂದು ಸೆಂಟ್‌ನಂತೆ, ಅಂದರೆ ನೂರು ಡಾಲರ್ ಖರೀದಿಗೆ ಒಂದು ಡಾಲರ್, ಐದು ವರ್ಷ ತೆರಿಗೆ. ಆ ಹಣದಿಂದ ಬೇಸ್‌ಬಾಲ್ ಮೈದಾನ, ಕಾಲುವೆ, ಗ್ರಂಥಾಲಯ, ಒಳಾಂಗಣ ಕ್ರೀಡಾಂಗಣ, ಸಂಗೀತ ಸಭಾಂಗಣದ ನವೀಕರಣ, ನದಿಗೆ ಅಣೆಕಟ್ಟು... ಒಟ್ಟು ಒಂಬತ್ತು ಕೆಲಸ. ಒಂದು ಬೇಕು, ಇನ್ನೊಂದು ಬೇಡ ಎನ್ನುವಂತಿಲ್ಲ. ಎಲ್ಲಕ್ಕೂ ಸೇರಿ ಒಂದೇ ಮತ. ಸಾಲ ಮಾಡುವುದಿಲ್ಲ, ಹಣ ಕೈಗೆ ಬಂದಂತೆ ಕಟ್ಟುತ್ತೇವೆ ಎಂಬ ಭರವಸೆ. 1993ರ ಡಿಸೆಂಬರ್ 14ರಂದು ಶೇಕಡಾ 54ರಷ್ಟು ಮತದಾರರು ಒಪ್ಪಿದರು.

ಕೊಟ್ಟ ಮಾತು, ಕಡಿಮೆಯಾದ ಹಣ

1995ರ ಏಪ್ರಿಲ್ 19ರಂದು ಊರಿನ ಮಧ್ಯದ ಸರಕಾರಿ ಕಟ್ಟಡದಲ್ಲಿ ಬಾಂಬ್ ಸಿಡಿದು 168 ಮಂದಿ ಸತ್ತರು. ಆ ದುಃಖದ ನಡುವೆಯೂ ತೆರಿಗೆ ಸಂಗ್ರಹವಾಗುತ್ತಿತ್ತು, ಕಟ್ಟುವ ಕೆಲಸ ಸಾಗುತ್ತಿತ್ತು. 1998ರಲ್ಲಿ ಬೇಸ್‌ಬಾಲ್ ಮೈದಾನ ತೆರೆಯಿತು. ಆದರೆ ಕಟ್ಟಡಗಳ ವೆಚ್ಚ ಅಂದಾಜನ್ನು ಮೀರಿತ್ತು. ಉಳಿದ ಕೆಲಸಗಳನ್ನು ಯೋಜಿಸಿದಂತೆ ಮುಗಿಸಲು ಕೈಯಲ್ಲಿದ್ದ ಹಣ ಸಾಲದು.

ನಗರದ ಮುಂದೆ ಎರಡು ದಾರಿಗಳಿದ್ದವು. ಕೆಲಸಗಳನ್ನು ಮೊಟಕು ಮಾಡುವುದು ಒಂದು, ಮತ್ತೆ ಜನರ ಮುಂದೆ ನಿಲ್ಲುವುದು ಇನ್ನೊಂದು. ಎರಡನೆಯದು ಮುಜುಗರದ ದಾರಿ. ‘ಐದು ವರ್ಷ ಎಂದಿರಲ್ಲ? ಲೆಕ್ಕ ಹಾಕಿದವರು ಯಾರು?’ ಎಂದು ಯಾರಾದರೂ ಕೇಳಬಹುದು. ಕೇಳುವುದು ನ್ಯಾಯವೂ ಹೌದು. ಹೊಸ ಮೇಯರ್ ಕರ್ಕ್ ಹಂಫ್ರೀಸ್ ಆ ದಾರಿಯನ್ನೇ ಹಿಡಿದರು. ಕೇಳಿದ್ದು ಆರೇ ತಿಂಗಳು. ‘ಮ್ಯಾಪ್ಸ್ ಕೆಲಸವನ್ನು ಸರಿಯಾಗಿ ಮುಗಿಸೋಣ’ ಎಂಬುದು ಪ್ರಚಾರದ ಘೋಷಣೆ.

ಐದು ವರ್ಷದ ಹಿಂದೆ ಕಷ್ಟಪಟ್ಟು ಗೆದ್ದಿದ್ದ ತೆರಿಗೆಗೆ ಈ ಬಾರಿ ಮೂರನೇ ಎರಡಕ್ಕೂ ಹೆಚ್ಚು ಮತ ಬಿತ್ತು. ಕಾರಣ ಕಣ್ಣೆದುರಿಗೇ ಇತ್ತು. 1993ರಲ್ಲಿ ಜನ ನೋಡಿದ್ದು ನಕ್ಷೆ, 1998ರಲ್ಲಿ ನೋಡಿದ್ದು ಮೈದಾನ.

ಅದಕ್ಕಿಂತ ದೊಡ್ಡ ಸಂಗತಿ ನಡೆದದ್ದು 1999ರ ಜುಲೈಯಲ್ಲಿ. ಹೇಳಿದ ದಿನಕ್ಕೆ ತೆರಿಗೆ ನಿಂತಿತು! ಐದೂವರೆ ವರ್ಷದಲ್ಲಿ ಸೇರಿದ್ದು ಸುಮಾರು 30 ಕೋಟಿ 90 ಲಕ್ಷ ಡಾಲರ್. ಖರ್ಚಾಗುವ ಮುನ್ನ ಆ ಹಣ ಗಳಿಸಿದ ಬಡ್ಡಿಯೇ ಸುಮಾರು 5 ಕೋಟಿ 40 ಲಕ್ಷ. ಅದೇ ತಿಂಗಳು ಕಾಲುವೆಯಲ್ಲಿ ದೋಣಿಗಳು ತೇಲಿದವು. ಕೊನೆಯ ಕೆಲಸವಾದ ಗ್ರಂಥಾಲಯ 2004ರಲ್ಲಿ ಬಾಗಿಲು ತೆರೆಯಿತು. ಹುಲ್ಲಿನ ನದಿಯ ಏಳು ಮೈಲಿ ಭಾಗದಲ್ಲಿ ಈಗ ನೀರು ನಿಂತಿದೆ. ಇತ್ತ ಯುನೈಟೆಡ್ ಏರ್‌ಲೈನ್ಸ್ 2003ರಲ್ಲಿ ಇಂಡಿಯಾನಾಪೊಲಿಸ್ ಕೇಂದ್ರವನ್ನೂ ಬಿಟ್ಟುಹೋಯಿತು. ಕೈತಪ್ಪಿದ ಕಾರ್ಖಾನೆಗಾಗಿ ಅತ್ತವರಿಗೆ ಕಾಲವೇ ಸಮಾಧಾನ ಹೇಳಿತು.

ತಾತ್ಕಾಲಿಕ ಎಂದರೆ ಎಷ್ಟು ದಿನ?

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು ಎನ್ನುವವರೂ ಇದ್ದಾರೆ. 2001ರಲ್ಲಿ ಶಾಲೆಗಳಿಗಾಗಿ, 2008ರಲ್ಲಿ ಬ್ಯಾಸ್ಕೆಟ್‌ಬಾಲ್ ತಂಡವನ್ನು ಕರೆತರಲು ಕ್ರೀಡಾಂಗಣದ ಸುಧಾರಣೆಗಾಗಿ, 2009ರಲ್ಲಿ ಉದ್ಯಾನ ಮತ್ತು ಟ್ರಾಮಿಗಾಗಿ, 2019ರಲ್ಲಿ ವಸತಿಹೀನರ ನೆರವೂ ಸೇರಿದ ಹದಿನಾರು ಕೆಲಸಗಳಿಗಾಗಿ, 2023ರಲ್ಲಿ ಹೊಸ ಕ್ರೀಡಾಂಗಣಕ್ಕಾಗಿ ಅದೇ ಒಂದು ಸೆಂಟಿಗೆ ಮತ ಬಿದ್ದಿದೆ. ಪ್ರತಿ ಸಲವೂ ತಾತ್ಕಾಲಿಕವೇ. ಆದರೆ 2002ರಿಂದೀಚೆಗೆ ಅಂಗಡಿಯ ಬಿಲ್ಲಿನಲ್ಲಿ ಆ ಸೆಂಟು ಹೆಚ್ಚುಕಡಿಮೆ ಕಾಯಂ ಆಗಿ ಕೂತಿದೆ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಮಾರಾಟ ತೆರಿಗೆ ಬಡವ-ಬಲ್ಲಿದನೆಂದು ನೋಡುವುದಿಲ್ಲ. ಗಳಿಸಿದ್ದೆಲ್ಲವನ್ನೂ ದಿನಸಿಗೆ ಸುರಿಯುವವನ ಆದಾಯದಲ್ಲಿ ಆ ಸೆಂಟು ತಿನ್ನುವ ಪಾಲು ದೊಡ್ಡದು. ಒಕ್ಲಹೋಮ ರಾಜ್ಯವು 2024ರ ಆಗಸ್ಟ್‌ನಲ್ಲಿ ದಿನಸಿಯ ಮೇಲಿನ ತನ್ನ ತೆರಿಗೆಯನ್ನು ತೆಗೆದುಹಾಕಿತು. ಊರುಗಳ ಪಾಲು ಮಾತ್ರ ಹಾಗೆಯೇ ಉಳಿಯಿತು. ಕ್ರೀಡಾಂಗಣದ ಟಿಕೆಟ್ ಕೊಳ್ಳಲಾಗದವನೂ ಬ್ರೆಡ್ಡು, ಹಾಲಿನ ಲೆಕ್ಕದಲ್ಲಿ ಅದರ ಇಟ್ಟಿಗೆಗೆ ಹಣ ಕೊಡುತ್ತಾನೆ.

ನಮ್ಮಲ್ಲಿ ಊರ ಹೆಬ್ಬಾಗಿಲಲ್ಲಿ ವಸೂಲಾಗುತ್ತಿದ್ದ ಆಕ್ಟ್ರಾಯ್ 1979ರಲ್ಲಿ ರದ್ದಾಯಿತು. ಹಳೆಯ ಸುಂಕದ ನೆನಪು ಸುಂಕದಕಟ್ಟೆಯಂಥ ಊರ ಹೆಸರುಗಳಲ್ಲಷ್ಟೇ ಉಳಿದಿದೆ. 2017ರಲ್ಲಿ ಜಿಎಸ್‌ಟಿ ಬಂತು. ಅದರ ದರ ಗೊತ್ತುಪಡಿಸುವುದು ದೆಹಲಿಯ ಪರಿಷತ್ತು. ನಮ್ಮ ಪುರಸಭೆಗಳಿಗೆ ಆಸ್ತಿ ತೆರಿಗೆ ಮತ್ತು ಮೇಲಿನಿಂದ ಬರುವ ಅನುದಾನವೇ ಗತಿ. ನಾವು ಆರಿಸುವುದು ಸದಸ್ಯರನ್ನು, ತೆರಿಗೆಯನ್ನಲ್ಲ.

ಒಕ್ಲಹೋಮದ ಪದ್ಧತಿಯನ್ನು ಇಲ್ಲಿಗೆ ತಂದು ನೆಡಬೇಕೆಂದಲ್ಲ. ಆದರೆ ಆ ಊರು ಕಲಿಸುವ ಪಾಠ ಸರಳ. ಜನ ತೆರಿಗೆಗೆ ಹೆದರುವುದಕ್ಕಿಂತ ಹೆಚ್ಚಾಗಿ ಲೆಕ್ಕ ಕೊಡದ ತೆರಿಗೆಗೆ ಹೆದರುತ್ತಾರೆ. ಎಷ್ಟು, ಯಾತಕ್ಕೆ, ಯಾವಾಗಿನವರೆಗೆ ಎಂದು ಮೊದಲೇ ಹೇಳಿ, ಹೇಳಿದ ದಿನ ಒಮ್ಮೆಯಾದರೂ ನಿಲ್ಲಿಸಿ ತೋರಿಸಿದರೆ, ಸುಂಕದವನ ಸುಖದುಃಖವನ್ನು ಕೇಳುವ ಕಿವಿಗಳೂ ಊರಿನಲ್ಲಿ ಇದ್ದೇ ಇರುತ್ತವೆ.